ಸಾಬೂನು: ಪದದ ಮೂಲ ಮತ್ತು ಆಗಮನದ ದಾರಿ

ಕನ್ನಡದ ಕೆಲವು ವ್ಯಾಕರಣ ಪುಸ್ತಕಗಳು ‘ಸಾಬೂನು’ ಪದವನ್ನು ಪಾದ್ರಿ, ಅಲಮಾರುಗಳೊಡನೆ ಪೋರ್ಚುಗೀಸ್ ಮೂಲದ ಅನ್ಯದೇಶ್ಯಗಳ ಪಟ್ಟಿಯಲ್ಲಿ ಸೇರಿಸುತ್ತವೆ. ಪದದ ಧ್ವನಿರೂಪವು ಈ ವರ್ಗೀಕರಣವನ್ನು ಸಮರ್ಥಿಸುವುದಿಲ್ಲ, ಅದು ಅರಬ್ಬಿ–ಪಾರಸಿ ದಾರಿಯನ್ನೇ ಸೂಚಿಸುತ್ತದೆ ಎಂಬುದು ನಮ್ಮ ವಾದ.

ಇಟಾಲಿಯನ್ ‘ಸಪೋನೆ’, ಫ್ರೆಂಚ್ ‘ಸವೋಂ’, ಸ್ಪ್ಯಾನಿಷ್ ‘ಹಬೋನ್’, ಪೋರ್ಚುಗೀಸ್ ‘ಸಬಾಂವ್’ ಇವೆಲ್ಲವೂ ಲ್ಯಾಟಿನ್ ‘ಸಾಪೋ’ ಪದದ ‘ಸಾಪೋನೆಮ್’ ಎಂಬ ದ್ವಿತೀಯಾ ರೂಪದಿಂದ ಬಂದವು. ಲ್ಯಾಟಿನ್ನಿಗೂ ಅದು ಸ್ವಂತ ಪದವಲ್ಲ. ಜರ್ಮಾನಿಕ್ ಮೂಲದಿಂದ ಪಡೆದ ಎರವಲೆಂಬುದು ವ್ಯಾಪಕವಾಗಿ ಒಪ್ಪಿತವಾದ ಮತ. ಕ್ರಿ.ಶ. 1ನೆಯ ಶತಮಾನದ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯ 28ನೆಯ ಭಾಗದಲ್ಲಿ ಇದನ್ನು ಕೊಬ್ಬು ಮತ್ತು ಬೂದಿಯಿಂದ ತಯಾರಿಸಿ ಕೂದಲನ್ನು ಕೆಂಪಾಗಿಸಲು ಬಳಸುವ, ಗಾಲರು ಕಂಡುಹಿಡಿದ ವಸ್ತುವೆಂದು ವಿವರಿಸುತ್ತಾನೆ. ತೊಳೆಯುವ ವಸ್ತುವೆಂಬ ಅರ್ಥ ಅನಂತರ ನೆಲೆಗೊಂಡಿತು. ರೊಮಾನ್ಸ್ ಭಾಷೆಗಳಲ್ಲಿ ಉಳಿದಿರುವುದು ಈ ಅರ್ಥವೇ. ಅದೇ ಪದ ಗ್ರೀಕಿನಲ್ಲಿ ‘ಸಾಪೋನ್’ ಆಗಿ, ಪೂರ್ವಕ್ಕೆ ಸಾಗಿ ಅರಬ್ಬಿಯಲ್ಲಿ ‘ಸಾಬೂನ್’ ಆಯಿತು.

ಕನ್ನಡದ ‘ಬ’ಕಾರ ಯಾವ ದಾರಿಯನ್ನೂ ನಿರ್ಣಯಿಸಲಾರದು. ಪೋರ್ಚುಗೀಸಿನಲ್ಲಿ ಸ್ವರಮಧ್ಯದ ‘ಪ’ಕಾರ ‘ಬ’ಕಾರವಾಗುತ್ತದೆ, ಅರಬ್ಬಿಯಲ್ಲಿ ‘ಪ’ಕಾರವೇ ಇಲ್ಲದ್ದರಿಂದ ಅಲ್ಲಿಯೂ ‘ಬ’ಕಾರ ಬರುತ್ತದೆ. ನಿರ್ಣಾಯಕವಾದದ್ದು ಪದಾಂತ್ಯ. ಪೋರ್ಚುಗೀಸ್ ‘ಲೈಲಾಂವ್’ ಕನ್ನಡದಲ್ಲಿ ‘ಲಿಲಾವು’, ‘ಪಾಂವ್’ ಎಂಬುದು ‘ಪಾವು’. ಈ ಮಾದರಿಯಲ್ಲಿ ‘ಸಬಾಂವ್’ ಪದದಿಂದ ‘ಸಬಾವು’ ಎಂಬಂತಹ ರೂಪವನ್ನು ನಿರೀಕ್ಷಿಸಬೇಕು. ‘ಊನು’ ಎಂಬ ಅಂತ್ಯವನ್ನಲ್ಲ. ಮತ್ತೊಂದೆಡೆ, ಗ್ರೀಕ್ ‘ಕನೋನ್’ ಅರಬ್ಬಿಯಲ್ಲಿ ‘ಕಾನೂನ್’ ಆಗಿ, ಕನ್ನಡದಲ್ಲಿ ಉಕಾರಾಂತ್ಯ ಪಡೆದು ‘ಕಾನೂನು’ ಆಗಿದೆ. ‘ಸಾಪೋನ್–ಸಾಬೂನ್–ಸಾಬೂನು’ ಎಂಬ ಸರಣಿ ಇದಕ್ಕೆ ಸಂವಾದಿಯಾಗಿದೆ.

ಇಲ್ಲಿ ಭೂಗೋಳವೊಂದೇ ಸಾಕ್ಷಿಯಾಗದೆಂಬುದಕ್ಕೆ ಕೊಟ್ಟೂರು ಸೀಮೆ ಒಳ್ಳೆಯ ನಿದರ್ಶನ. ಇಂದು ಇದೇ ಜಿಲ್ಲೆಗೆ ಸೇರಿರುವ ಹಂಪಿಗೆ ಗೋವೆಯ ಪೋರ್ಚುಗೀಸರು ಕುದುರೆಗಳನ್ನು ಮಾರುತ್ತಿದ್ದರು. 16ನೆಯ ಶತಮಾನದ ಪೂರ್ವಾರ್ಧದಲ್ಲಿ ಪಾಯೆಸ್, ನೂನಿಜ್ ಅಲ್ಲಿಗೆ ಬಂದಿದ್ದರು. ವಿಜಯನಗರದ ಪತನಾನಂತರ ಬಿಜಾಪುರದ, ಮುಂದೆ ಹೈದರ್–ಟಿಪ್ಪು ಮತ್ತು ನಿಜಾಮರ ಆಳ್ವಿಕೆಗಳ ಮೂಲಕ ಪಾರಸಿ ಆಡಳಿತ ಪದಗಳು ಇಲ್ಲಿ ಬೇರೂರಿದವು. 1800ರಲ್ಲಿ ಸೀಮೆ ಕಂಪನಿಯ ವಶವಾದ ಮೇಲೂ ಜಮೀನು, ಕಾನೂನು ಉಳಿದವು. ಎರಡೂ ದಾರಿಗಳು ತೆರೆದಿದ್ದ ಇಂಥ ಸೀಮೆಯಲ್ಲಿ ಒಂದೊಂದು ಪದವನ್ನೂ ಅದರ ರೂಪದಿಂದಲೇ ಪರೀಕ್ಷಿಸಬೇಕಾಗುತ್ತದೆ.

ಸೀಗೆ, ಅಂಟುವಾಳಗಳು ಸಸ್ಯಜನ್ಯ ವಸ್ತುಗಳ ಹೆಸರುಗಳಾಗಿಯೇ ಉಳಿದವು. ಸಾಬೂನು ತಯಾರಿಸಿದ ವಸ್ತುವನ್ನು ಹೆಸರಿಸಿತು. ಆಮೇಲೆ ಇಂಗ್ಲಿಷಿನಿಂದ ‘ಸೋಪು’ ಬಂದಿತು. ಅದೂ ಅದೇ ಜರ್ಮಾನಿಕ್ ಮೂಲದ್ದು. ‘ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ’ದ ಪ್ರಸಿದ್ಧ ಉತ್ಪನ್ನ ‘ಮೈಸೂರು ಸ್ಯಾಂಡಲ್ ಸೋಪು’: ಸಂಸ್ಥೆಯ ಹೆಸರಿನಲ್ಲಿ ಒಂದು ಜ್ಞಾತಿಪದ, ಉತ್ಪನ್ನದ ಹೆಸರಿನಲ್ಲಿ ಇನ್ನೊಂದು.

ವಸ್ತುವಿನ ಪ್ರಸಾರದಲ್ಲಿ ಪೋರ್ಚುಗೀಸರಿಗೆ ಪಾತ್ರವೇ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ವಸ್ತುವಿನ ಚರಿತ್ರೆ ಬೇರೆ, ಪದದ ಚರಿತ್ರೆ ಬೇರೆ. ಆದರೆ ‘ಸಬಾಂವ್’ ಮತ್ತು ‘ಸಾಬೂನು’ ಜ್ಞಾತಿಗಳೆಂಬುದರಿಂದ ಒಂದು ಇನ್ನೊಂದರ ಮೂಲವೆಂದು ಸಿದ್ಧವಾಗುವುದಿಲ್ಲ. ಪೋರ್ಚುಗೀಸ್ ಎರವಲುಗಳೆಂದು ಪಟ್ಟಿಯಾಗಿರುವ ಇತರ ಪದಗಳಿಗೂ ಈ ಪರೀಕ್ಷೆ ಅನ್ವಯವಾಗಬೇಕು.