ಡಿಎಂವಿ ಕೌಂಟರಿನ ನೂರು ವರ್ಷ

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಊರಿನ ಫ್ಲೋರಾ ವಿಸ್ಟಾ ಅವೆನ್ಯೂದಲ್ಲಿರುವ ಡಿಎಂವಿ (ಮೋಟಾರು ವಾಹನ ಇಲಾಖೆ) ಕಚೇರಿಗೆ ಲೈಸೆನ್ಸಿಗೆಂದು ಹೋಗುವ ಹೊಸಬರ ಕೈಯಲ್ಲಿ ಒಂದು ದಪ್ಪ ಫೈಲು ಇದ್ದೇ ಇರುತ್ತದೆ. ಪಾಸ್‌ಪೋರ್ಟು, ವೀಸಾ, ದೇಶ ಪ್ರವೇಶಿಸಿದ ದಾಖಲೆಯಾದ ಐ-94, ಸೋಷಿಯಲ್ ಸೆಕ್ಯುರಿಟಿ ನಂಬರು, ಬಾಡಿಗೆ ಕರಾರು, ಪಿಜಿ ಅಂಡ್ ಇ ಕಂಪನಿಯ ಕರೆಂಟ್ ಬಿಲ್ಲು. ಇಷ್ಟರಲ್ಲಿ ಕಾರು ಓಡಿಸಲು ಬರುತ್ತದೆ ಎಂದು ಹೇಳುವ ಕಾಗದ ಒಂದೂ ಇಲ್ಲ. ಅದರ ಪರೀಕ್ಷೆ ಆಮೇಲಿನ ಮಾತು. ಬಂದವರು ಯಾರು, ಈ ದೇಶದಲ್ಲಿ ಎಲ್ಲಿಯವರೆಗೆ ಇರಬಹುದು, ಯಾವ ಮನೆಯಲ್ಲಿದ್ದಾರೆ ಎಂಬುದು ಮೊದಲು ಇತ್ಯರ್ಥವಾಗಬೇಕು. ಈ ಕಾಗದಗಳೆಲ್ಲ ಒಂದೇ ಸಲಕ್ಕೆ ಬಂದು ಸೇರಿದವಲ್ಲ. ಒಂದೊಂದರ ಹಿಂದೆಯೂ ಒಂದೊಂದು ಕಾಲದ ಆತಂಕವಿದೆ.

ಶುರುವಿನಲ್ಲಿ ಸರ್ಕಾರದ ಕಣ್ಣು ಚಾಲಕನಿಗಿಂತ ಗಾಡಿಯ ಮೇಲೇ ಇತ್ತು. 1905ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಮೋಟಾರು ಗಾಡಿಗಳ ನೋಂದಣಿ ಆರಂಭಿಸಿದಾಗ ನಂಬರನ್ನಷ್ಟೇ ಸರ್ಕಾರ ಕೊಡುತ್ತಿತ್ತು. ಪ್ಲೇಟನ್ನು ಮಾಲೀಕರೇ ಚರ್ಮದಲ್ಲೋ ತಗಡಿನಲ್ಲೋ ಮಾಡಿಸಿ ಗಾಡಿಗೆ ತೂಗುಹಾಕಬೇಕಿತ್ತು. ರಾಜ್ಯವೇ ಪಿಂಗಾಣಿ ಲೇಪದ ಪ್ಲೇಟು ಹಂಚಿದ್ದು 1914ರಲ್ಲಿ. ಈ ನಡುವೆ 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪಕ್ಕೆ ಕುಸಿದು, ಬೆಂಕಿಗೆ ಬೆಂದಿತು. ಅಲ್ಲಿಯವರೆಗೆ ಶ್ರೀಮಂತರ ಷೋಕಿ ಎನಿಸಿಕೊಂಡಿದ್ದ ಕಾರುಗಳೇ ಆ ದಿನಗಳಲ್ಲಿ ಗಾಯಾಳುಗಳನ್ನೂ ಅಧಿಕಾರಿಗಳನ್ನೂ ಬೆಂಕಿ ತಡೆಯಲು ಕಟ್ಟಡ ಉರುಳಿಸುವ ಡೈನಮೈಟನ್ನೂ ಹೊತ್ತು ಓಡಾಡಿದವು. ಊರಿನವರಿಗೆ ಕಾರಿನ ಮೇಲಿದ್ದ ಸಿಟ್ಟು ಇಳಿದದ್ದು ಹಾಗೆ.

ಚಾಲಕರಿಗೆ ಲೈಸೆನ್ಸು ಬೇಕೆಂಬ ಕಾನೂನು ಬಂದದ್ದು 1913ರಲ್ಲಿ. ಎರಡು ವರ್ಷದ ನಂತರ, 1915ರಲ್ಲಿ, ಆಬರ್ನ್ ಊರಿನ ಸೆನೆಟರ್ ಬರ್ಡ್‌ಸಾಲ್ ಮಂಡಿಸಿದ ಕಾಯ್ದೆಯಿಂದ ಮೋಟಾರು ವಾಹನ ಇಲಾಖೆ ಹುಟ್ಟಿತು. ಓಡಿಸಿ ತೋರಿಸಿ ಎಂದು ರಾಜ್ಯ ಕೇಳಿದ್ದು ಮಾತ್ರ 1927ರಲ್ಲಿ. ನಡುವಿನ ಹದಿನಾಲ್ಕು ವರ್ಷ ಪರೀಕ್ಷೆಯಿಲ್ಲದೆಯೇ ಲೈಸೆನ್ಸು ಸಿಗುತ್ತಿತ್ತು. ಇದು ಕ್ಯಾಲಿಫೋರ್ನಿಯಾದ ಉದಾಸೀನ ಮಾತ್ರವಲ್ಲ. ಮಿಸೌರಿ 1903ರಲ್ಲೇ ಲೈಸೆನ್ಸು ಕಡ್ಡಾಯ ಮಾಡಿ, ಪರೀಕ್ಷೆ ತರಲು 1952ರವರೆಗೆ ಕಾಯಿತು. ಸೌತ್ ಡಕೋಟಾದಲ್ಲಿ 1954ರವರೆಗೆ ಲೈಸೆನ್ಸೇ ಇರಲಿಲ್ಲ. 1908ರಲ್ಲಿ ಎರಡನ್ನೂ ಒಟ್ಟಿಗೇ ತಂದ ಪುಟ್ಟ ರೋಡ್ ಐಲೆಂಡ್ ಈ ವಿಷಯದಲ್ಲಿ ದೊಡ್ಡ ರಾಜ್ಯಗಳಿಗಿಂತ ವಿವೇಕಿ.

ಈಗಿನ ಪರೀಕ್ಷೆಯಲ್ಲಿ ಆ ಹಳೆಯ ಕಾಲ ಇನ್ನೂ ಒಂಚೂರು ಉಳಿದುಕೊಂಡಿದೆ. ಪರೀಕ್ಷಕರು ಕಾರಿನ ಪಕ್ಕ ನಿಂತು, ಎಡಗೈ ಹೊರಗೆ ಚಾಚಿ ಸಂಜ್ಞೆ ತೋರಿಸಿ ಎನ್ನುತ್ತಾರೆ. ಕೈ ನೇರವಾಗಿದ್ದರೆ ಎಡಕ್ಕೆ, ಮೊಣಕೈ ಮಡಚಿ ಮೇಲೆತ್ತಿದರೆ ಬಲಕ್ಕೆ, ಕೆಳಗಿಳಿಸಿದರೆ ನಿಲುಗಡೆ. ಇಂಡಿಕೇಟರು ಇಲ್ಲದ ಗಾಡಿಗಳ ಕಾಲದ ಭಾಷೆ ಇದು. ಇಳಿಜಾರಿನಲ್ಲಿ ನಿಲ್ಲಿಸುವಾಗ ಮುಂದಿನ ಚಕ್ರ ಯಾವ ಕಡೆಗೆ ತಿರುಗಿರಬೇಕು ಎಂಬ ಪ್ರಶ್ನೆಯನ್ನು ಸ್ಯಾನ್ ಫ್ರಾನ್ಸಿಸ್ಕೋದವರು ತಮಾಷೆಯಾಗಿ ತೆಗೆದುಕೊಳ್ಳುವಂತಿಲ್ಲ. ಅಲ್ಲಿ ನೂರಕ್ಕೆ ಮೂರನ್ನು ಮೀರಿದ ಇಳಿಜಾರಿನಲ್ಲೆಲ್ಲ ಚಕ್ರ ತಿರುಗಿಸಿಡುವುದು ಕಾನೂನು. ಫಿಲ್ಬರ್ಟ್ ಬೀದಿಯ ಒಂದು ಭಾಗದ ಏರು ನೂರಕ್ಕೆ 31.5.

ಕರ್ನಾಟಕದ ಆರ್‌ಟಿಒ ಮೈದಾನದಲ್ಲಿ ಬೈಕಿನಲ್ಲಿ ಎಂಟು ಹಾಕಿ, ಕಾರಿನಲ್ಲಿ ರಿವರ್ಸ್ ತೆಗೆದು ಪಾಸಾದವರಿಗೆ ಇಲ್ಲಿನ ಪರೀಕ್ಷೆ ಬೇರೆಯೇ ಅಭ್ಯಾಸ ಕೇಳುತ್ತದೆ. ಮೊದಲು ಕಂಪ್ಯೂಟರಿನ ಮುಂದೆ 36 ಪ್ರಶ್ನೆಗಳಲ್ಲಿ 30ಕ್ಕೆ ಸರಿಯುತ್ತರ ಕೊಡಬೇಕು. ರಸ್ತೆ ಪರೀಕ್ಷೆಗೆ ಕಾರನ್ನು ತಾವೇ ತರಬೇಕು, ಜೊತೆಗೆ ಲೈಸೆನ್ಸು ಇದ್ದವರೊಬ್ಬರು ಬರಬೇಕು. ಹೀಗಾಗಿ ಹೊಸಬರ ಪರೀಕ್ಷೆಯ ದಿನ ಸ್ನೇಹಿತರೊಬ್ಬರು ಅರ್ಧ ದಿನ ರಜೆ ಹಾಕಿ ಕಾರು ಸಮೇತ ಬರುವುದು ವಾಡಿಕೆ. ಲೇನು ಬದಲಿಸುವಾಗ ಕನ್ನಡಿ ನೋಡಿದರೆ ಸಾಲದು, ಕತ್ತು ತಿರುಗಿಸಿ ಭುಜದ ಮೇಲಿಂದ ನೋಡಬೇಕು. ಸ್ಟಾಪ್ ಫಲಕದ ಬಳಿ ರಸ್ತೆ ಖಾಲಿ ಇದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ಊರಿನಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರು ಇಲ್ಲಿ ಫೇಲಾಗುವುದು ಬಹುಮಟ್ಟಿಗೆ ಈ ಎರಡರಲ್ಲೇ. ಹೊರಡುವ ಮೊದಲು ಆರ್‌ಟಿಒದಲ್ಲಿ ಮಾಡಿಸಿಕೊಂಡ ಅಂತರರಾಷ್ಟ್ರೀಯ ಪರ್ಮಿಟ್ಟನ್ನು ಕ್ಯಾಲಿಫೋರ್ನಿಯಾ ಲೈಸೆನ್ಸೆಂದು ಒಪ್ಪುವುದಿಲ್ಲ. ಪ್ರವಾಸಿಗೆ ಭಾರತದ ಲೈಸೆನ್ಸೇ ಸಾಕು. ಇಲ್ಲಿ ನೆಲೆಸಲು ಬಂದವರು ಹತ್ತು ದಿನದೊಳಗೆ ಇಲ್ಲಿಯದನ್ನು ಪಡೆಯಬೇಕು.

ಇನ್ನು ಆ ಫೈಲಿನ ಕಾಗದಗಳ ಕಥೆ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ. 1965ರ ವಲಸೆ ಕಾಯ್ದೆ ಬಾಗಿಲು ತೆರೆದ ಮೇಲೆ ಬಂದ ಆ ತಲೆಮಾರಿನವರು ಡಿಎಂವಿಯಲ್ಲಿ ಸಾಲು ನಿಂತಾಗ ವೀಸಾ ತೋರಿಸಿ ಎನ್ನುವ ಕಾನೂನು ಇರಲಿಲ್ಲ. ಅದು ಬಂದದ್ದು 1993ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಿಂದಲೇ. ಸ್ಯಾನ್ ಹೊಸೆಯ ಸೆನೆಟರ್ ಆಲ್ಫ್ರೆಡ್ ಆಲ್ಕ್ವಿಸ್ಟ್ ಮಂಡಿಸಿದ ಎಸ್‌ಬಿ 976 ಮಸೂದೆಗೆ ಗವರ್ನರ್ ಪೀಟ್ ವಿಲ್ಸನ್ ಸಹಿ ಹಾಕಿದರು. 1994ರ ಮಾರ್ಚಿನಿಂದ, ಕಾನೂನುಬದ್ಧವಾಗಿ ದೇಶದಲ್ಲಿದ್ದೇವೆ ಎಂದು ರುಜುವಾತು ಮಾಡದವರಿಗೆ ಲೈಸೆನ್ಸಿಲ್ಲ ಎಂದಾಯಿತು. ವಲಸಿಗರ ಮೇಲಿನ ಅಸಮಾಧಾನ ರಾಜ್ಯದಲ್ಲಿ ಕುದಿಯುತ್ತಿದ್ದ ಕಾಲ ಅದು. ಅದೇ ವರ್ಷದ ನವೆಂಬರಿನಲ್ಲಿ, ದಾಖಲೆಯಿಲ್ಲದವರಿಗೆ ಶಾಲೆ ಆಸ್ಪತ್ರೆಗಳನ್ನೂ ಮುಚ್ಚಬೇಕೆನ್ನುವ 187ನೇ ಪ್ರಸ್ತಾಪವನ್ನು ಮತದಾರರು ಗೆಲ್ಲಿಸಿದರು. ಆಮೇಲೆ ನ್ಯಾಯಾಲಯ ಅದನ್ನು ತಡೆಯಿತು. ಲೈಸೆನ್ಸಿನ ಕಾನೂನು ಉಳಿಯಿತು.

ಉದ್ಯೋಗಕ್ಕೆಂದು ಕೊಡುವ ಎಚ್-1ಬಿ ವೀಸಾದ ಮೇಲೆ ಬಂದ ಕನ್ನಡಿಗರ ದೊಡ್ಡ ಅಲೆ ಇದಾದ ಮೇಲಿನದು. ದಾಖಲೆ ಎಲ್ಲ ಸರಿಯಿದ್ದವರನ್ನೂ ಈ ನಿಯಮ ಬಿಡಲಿಲ್ಲ. ಅವರ ಲೈಸೆನ್ಸಿನ ಅವಧಿ ವಾಸದ ಅನುಮತಿಯ ಜೊತೆಗೇ ಮುಗಿಯುತ್ತದೆ. ವಿಸ್ತರಣೆಯ ಅರ್ಜಿ ಇತ್ಯರ್ಥವಾಗದೆ ಬಿದ್ದಿದ್ದರೆ 240 ದಿನ ಕೆಲಸ ಮಾಡಬಹುದು, ಕೆಲಸಕ್ಕೆ ಕಾರಿನಲ್ಲಿ ಹೋಗಲು ಬೇಕಾದ ಕಾರ್ಡಿನ ದಿನಾಂಕ ಮಾತ್ರ ದಾಟಿಹೋಗಿರುತ್ತದೆ! ಆಗ ಮತ್ತೆ ಡಿಎಂವಿ, ಮತ್ತೆ ಕೇಂದ್ರ ಸರ್ಕಾರದ ಕಂಪ್ಯೂಟರಿನಿಂದ ಖಾತರಿ, ಮತ್ತೆ ತಾತ್ಕಾಲಿಕ ಕಾಗದ. ತಪ್ಪು ಮಾಡದವರನ್ನು ಹೀಗೆ ಅಲೆಸುವುದರಿಂದ ರಸ್ತೆಗೆ ಯಾವ ಸುರಕ್ಷತೆಯೂ ಬರುವುದಿಲ್ಲ.

ಎಚ್-1ಬಿಯವರ ಜೊತೆ ಎಚ್-4 ವೀಸಾದಲ್ಲಿ ಬಂದ ಹೆಂಡತಿಯರ ಪಾಡು ಇನ್ನೂ ಕಷ್ಟದ್ದಾಗಿತ್ತು. ಕೆಲಸದ ಅನುಮತಿ ಇಲ್ಲದ್ದರಿಂದ ಅವರಿಗೆ ಸೋಷಿಯಲ್ ಸೆಕ್ಯುರಿಟಿ ನಂಬರೇ ಸಿಗುತ್ತಿರಲಿಲ್ಲ, ಲೈಸೆನ್ಸಿನ ಅರ್ಜಿಯಲ್ಲೋ ಆ ನಂಬರು ಬೇಕಿತ್ತು. ಸನಿವೇಲ್‌ನ ಅಪಾರ್ಟ್‌ಮೆಂಟಿನಲ್ಲಿ ಕಾರಿಲ್ಲದ ಗೃಹಿಣಿ ಎಂದರೆ ಮಗುವನ್ನು ಡಾಕ್ಟರ ಬಳಿ ಕರೆದೊಯ್ಯಲೂ ಗಂಡ ಬರುವುದನ್ನು ಕಾಯಬೇಕಾದವಳು. ಇಂಥವರ ನೆರವಿಗೆ ಬಂದದ್ದು 1995ರ ಲಾಡರ್‌ಬಾಕ್ ಪ್ರಕರಣ. ದೇಶದಲ್ಲಿ ಕಾನೂನುಬದ್ಧವಾಗಿದ್ದೂ ಆ ನಂಬರು ಪಡೆಯಲು ಅರ್ಹತೆಯಿಲ್ಲದವರಿಗೆ, ನಂಬರಿಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸುವಂತಿಲ್ಲ ಎಂದು ರಾಜ್ಯದ ಮೇಲ್ಮನವಿ ನ್ಯಾಯಾಲಯ ಹೇಳಿತು. ಕೆಲವು ಎಚ್-4 ವೀಸಾದವರಿಗೆ ಕೆಲಸದ ಅನುಮತಿ ಸಿಕ್ಕಿದ್ದು ಮತ್ತೆ ಇಪ್ಪತ್ತು ವರ್ಷದ ನಂತರ, 2015ರಲ್ಲಿ. ಅಷ್ಟು ಕಾಲ ಅನೇಕ ಹೆಣ್ಣುಮಕ್ಕಳ ಹೆಸರಿನಲ್ಲಿ ಅಮೆರಿಕದ ಸರ್ಕಾರಿ ಕಾರ್ಡು ಅಂತ ಇದ್ದದ್ದು ಡ್ರೈವಿಂಗ್ ಲೈಸೆನ್ಸು ಒಂದೇ.

ದಾಖಲೆಯೇ ಇಲ್ಲದವರ ಕಥೆ ಇನ್ನೂ ಉದ್ದ. 2003ರಲ್ಲಿ ಗವರ್ನರ್ ಗ್ರೇ ಡೇವಿಸ್, ಇಂಥವರಿಗೂ ಲೈಸೆನ್ಸು ಕೊಡುವ ಮಸೂದೆಗೆ ಸಹಿ ಹಾಕಿದರು. ಮರುತಿಂಗಳೇ ಮತದಾರರು ಡೇವಿಸ್ ಅವರನ್ನು ಹುದ್ದೆಯಿಂದ ಇಳಿಸಿದರು, ಅವರ ಜಾಗಕ್ಕೆ ಬಂದ ಶ್ವಾರ್ಜ್‌ನೆಗರ್ ಕಾಲದಲ್ಲಿ ಆ ಕಾನೂನು ಜಾರಿಗೆ ಬರುವ ಮೊದಲೇ ರದ್ದಾಯಿತು. ಕೊನೆಗೆ 2013ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ, ಅದೇ ಉದ್ದೇಶದ ಎಬಿ 60 ಕಾಯ್ದೆ 2015ರ ಜನವರಿ 1ರಿಂದ ಜಾರಿಗೆ ಬಂತು. ನೂಕುನುಗ್ಗಲು ತಡೆಯಲು ರಾಜ್ಯ ತೆರೆದ ವಿಶೇಷ ಕೇಂದ್ರಗಳಲ್ಲಿ ಒಂದು ಸ್ಯಾನ್ ಹೊಸೆಯಲ್ಲಿತ್ತು. ಮೊದಲ ವರ್ಷವೇ ಸುಮಾರು 6 ಲಕ್ಷ ಲೈಸೆನ್ಸು ಹೋದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಆ ವರ್ಷದ ಅಪಘಾತಗಳನ್ನು ಪರಿಶೀಲಿಸಿ 2017ರಲ್ಲಿ ವರದಿ ಪ್ರಕಟಿಸಿದರು: ಅಪಘಾತಗಳ ಒಟ್ಟು ಸಂಖ್ಯೆ ಏರಲಿಲ್ಲ, ಗುದ್ದಿ ಪರಾರಿಯಾಗುವ ಪ್ರಕರಣಗಳು ನೂರಕ್ಕೆ 7ರಿಂದ 10ರಷ್ಟು ಇಳಿದಿದ್ದವು. ಲೈಸೆನ್ಸಿದ್ದವರಿಗೆ ಓಡಿಹೋಗುವ ಕಾರಣವಿಲ್ಲ. ಇಪ್ಪತ್ತು ವರ್ಷದ ವಾದಕ್ಕೆ ಅಂಕಿಅಂಶ ಇಷ್ಟು ನೇರವಾದ ಉತ್ತರ ಕೊಡುವುದು ಅಪರೂಪ.

ಆಮೇಲೆ ಕೌಂಟರಿಗೆ ಇನ್ನೊಂದು ಕಾಗದ ಸೇರಿತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ಕಾಂಗ್ರೆಸ್, ರಾಜ್ಯಗಳು ಕೊಡುವ ಗುರುತಿನ ಕಾರ್ಡಿಗೆ ದೇಶಕ್ಕೆಲ್ಲ ಒಂದೇ ಮಾನದಂಡ ಹಾಕುವ ರಿಯಲ್ ಐಡಿ ಕಾಯ್ದೆಯನ್ನು 2005ರಲ್ಲಿ ತಂದಿತು. ಕ್ಯಾಲಿಫೋರ್ನಿಯಾ 2018ರ ಜನವರಿಯಲ್ಲಿ ಅಂಥ ಕಾರ್ಡು ಕೊಡಲು ಆರಂಭಿಸಿದಾಗ ವಿಳಾಸಕ್ಕೆ ಒಂದು ದಾಖಲೆ ಪಡೆಯಿತು. ಎರಡು ಬೇಕೆಂದು ಕೇಂದ್ರ ಹೇಳುವಷ್ಟರಲ್ಲಿ ಲಕ್ಷಾಂತರ ಕಾರ್ಡು ಹಂಚಿಯಾಗಿತ್ತು. ಕರೆಂಟು, ಇಂಟರ್ನೆಟ್ಟು, ಬ್ಯಾಂಕು ಎಲ್ಲ ಗಂಡನ ಹೆಸರಿನಲ್ಲಿರುವ ಮನೆಗಳಲ್ಲಿ ಹೆಂಡತಿಯ ಹೆಸರಿನ ಎರಡು ಕಾಗದ ಹುಡುಕುವುದು ಸುಲಭವಲ್ಲ. ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್ಲಾಗಿ ಇಟ್ಟುಕೊಂಡ ಕನ್ನಡಿಗರಿಗೆ ಪಾಸ್‌ಪೋರ್ಟಿನ ಹೆಸರೂ ಬಿಲ್ಲಿನ ಹೆಸರೂ ತಾಳೆಯಾಗಬೇಕೆನ್ನುವುದು ಬೇರೆಯದೇ ತಲೆನೋವು.

ಇವೆಲ್ಲದರ ನಡುವೆ ನಿಜವಾಗಿ ಸ್ಟೀರಿಂಗಿನ ಬಗ್ಗೆ ಯೋಚಿಸಿದ ನಿಯಮ 1998ರ ಜುಲೈಯಲ್ಲಿ ಬಂತು, ಹದಿಹರೆಯದವರಿಗಾಗಿ. ಫ್ರೀಮಾಂಟು, ಕುಪರ್ಟಿನೊಗಳಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಹದಿನೈದೂವರೆ ವರ್ಷಕ್ಕೆ ಪರ್ಮಿಟ್ಟು ಸಿಗುತ್ತದೆ. ಆಮೇಲೆ ಆರು ತಿಂಗಳಾದರೂ ಕಾಯಬೇಕು, ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು 50 ಗಂಟೆ ಓಡಿಸಬೇಕು, ಅದರಲ್ಲಿ 10 ಗಂಟೆ ರಾತ್ರಿ ಹೊತ್ತು. ಲೈಸೆನ್ಸು ಬಂದ ಮೇಲೂ ಒಂದು ವರ್ಷ ರಾತ್ರಿ 11ರಿಂದ ಬೆಳಗಿನ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ, ಜೊತೆಗೆ ದೊಡ್ಡವರಿಲ್ಲದೆ ಇಪ್ಪತ್ತು ತುಂಬದ ಸ್ನೇಹಿತರನ್ನು ಹತ್ತಿಸಿಕೊಳ್ಳುವಂತಿಲ್ಲ. ಅರ್ಜಿಗೆ ಅಪ್ಪ ಅಮ್ಮ ಸಹಿ ಹಾಕಬೇಕು, ಮಗ ಮಾಡುವ ಹಾನಿಗೆ ತಾವೂ ಹೊಣೆಯಾಗಬೇಕು. ಹುಡುಗನ ಚಾಲನೆ ಸರಿಕಾಣದಿದ್ದರೆ, ಅವನಿಗೆ ಹದಿನೆಂಟು ತುಂಬುವವರೆಗೆ ಯಾವಾಗ ಬೇಕಾದರೂ ಡಿಎಂವಿಗೆ ಬರೆದು ಲೈಸೆನ್ಸು ರದ್ದು ಮಾಡಿಸುವ ಅಧಿಕಾರ ಅವರಿಗಿದೆ.