ಒಡೆದ ಹಾಲು, ಇಂಡಿಯ ನಿಂಬೆ, ವಿಜಯಪುರದ ದ್ರಾಕ್ಷಿ

ಇಟಲಿಯವರ ಊಟ ಒಮ್ಮೆಲೇ ಊಟದಿಂದ ಶುರುವಾಗುವುದಿಲ್ಲ. ಮೊದಲು ಬಾಯಿರುಚಿಗೆಂದು ಒಂದು ಪುಟ್ಟ ತಟ್ಟೆ ಬರುತ್ತದೆ. ಅದನ್ನು ಅವರು ‘ಆಂಟಿಪಾಸ್ತೊ’ ಎನ್ನುತ್ತಾರೆ; ಊಟಕ್ಕೆ ಮುಂಚಿನದು ಎಂದರ್ಥ. ಇದರಲ್ಲಿ ತೀರ ಸರಳವಾದ ಬಗೆಯೊಂದಿದೆ. ಸುಟ್ಟ ಬ್ರೆಡ್ಡಿನ ತುಂಡಿನ ಮೇಲೆ ರಿಕೋಟಾ ಎಂಬ ಮೆತ್ತನೆಯ ಹಸಿ ಚೀಸನ್ನು ಹಚ್ಚಿ, ನಾಲ್ಕು ಹನಿ ಎಣ್ಣೆ ಬಿಟ್ಟು, ಉಪ್ಪು, ಕಾಳುಮೆಣಸು ಉದುರಿಸಿ ಕೊಡುತ್ತಾರೆ. ಪಕ್ಕದಲ್ಲಿ ಒಂದು ಲೋಟ ತಂಪಾದ ಬಿಳಿ ದ್ರಾಕ್ಷಾರಸ.

ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು ಉಣ್ಣುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೂ ಈ ತಟ್ಟೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇದೆ. ಎಮ್ಮೆಯ ಹಾಲು, ಅದನ್ನು ಒಡೆಸುವ ಹುಳಿ, ಮೇಲೆ ಬಿಡುವ ಎಣ್ಣೆ, ಹಿಂಡುವ ದ್ರಾಕ್ಷಿ, ಎಲ್ಲವೂ ಭೀಮಾ ಮತ್ತು ಕೃಷ್ಣೆಯರ ನಡುವಿನ ಈ ನೆಲದಲ್ಲೇ ಸಿಗುತ್ತವೆ. ಅಷ್ಟೇ ಅಲ್ಲ, ಮೆತ್ತನೆಯ ಚೀಸನ್ನು ಮಾಡುವ ಕ್ರಮವನ್ನು ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಆದರೂ ಅದು ನಮಗೆ ಪರದೇಶದ ತಿನಿಸಾಗಿ ಕಾಣುವುದೇಕೆ?

ಮೊದಲು ಕ್ರಮವನ್ನು ನೋಡೋಣ. ರಿಕೋಟಾ ಎಂದರೆ ‘ಮತ್ತೆ ಬೇಯಿಸಿದ್ದು’. ಚೀಸು ತೆಗೆದ ಮೇಲೆ ಉಳಿದ ತಿಳಿನೀರನ್ನು ಮತ್ತೆ ಕಾಯಿಸಿ, ಅದರಲ್ಲಿ ಅಡಗಿದ ಸಾರವನ್ನು ಗಟ್ಟಿಯಾಗಿಸಿ ತೆಗೆಯುವುದು ಅಸಲು ಪದ್ಧತಿ. ಬಡ ದನಗಾಹಿಗಳು ಏನನ್ನೂ ಚೆಲ್ಲದೆ ಮಾಡಿಕೊಂಡ ಉಪಾಯ ಅದು. ಮನೆಯಲ್ಲಿ ಮಾಡುವವರು ಹಾಲನ್ನೇ ಕುದಿಯುವ ಹಂತಕ್ಕೆ ತಂದು, ನಿಂಬೆರಸ ಹಿಂಡಿ, ಬಟ್ಟೆಯಲ್ಲಿ ಸೋಸಿ ಬಿಡುತ್ತಾರೆ. ಬಟ್ಟೆಯ ಮೇಲೆ ಕಲ್ಲು ಹೇರಿ ಒತ್ತಿದರೆ ಅದೇ ನಮ್ಮ ಪೇಟೆಯ ಪನೀರು; ಒತ್ತದೆ ಮೆತ್ತಗೆ ಬಿಟ್ಟರೆ ಹೆಚ್ಚುಕಡಿಮೆ ರಿಕೋಟಾ. ಒಂದು ಲೀಟರು ಎಮ್ಮೆಹಾಲಿಗೆ ಸುಮಾರು 200 ಗ್ರಾಮಿನಷ್ಟು ಬರುತ್ತದೆ. ಇನ್ನು ನಿಂಬೆಯ ಮಾತೆಂದರೆ ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೇ ಸಿಕ್ಕಿದೆ. ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ.

ಹಾಲನ್ನು ಹುಳಿಯಿಂದಲೇ ಗಟ್ಟಿ ಮಾಡಬೇಕೆಂದಿಲ್ಲ. ಯುರೋಪಿನವರು ಹೆಚ್ಚಾಗಿ ಬಳಸುತ್ತ ಬಂದದ್ದು ಎಳೆಗರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನ್ನೆಟ್ಟನ್ನು. ಆದರೆ ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಕೃಷಿಲೇಖಕ ಕೊಲುಮೆಲ್ಲಾ ಸಸ್ಯಮೂಲದ ದಾರಿಗಳನ್ನೂ ಹೇಳಿದ್ದಾನೆ: ಕಾಡು ಮುಳ್ಳುಗಿಡವೊಂದರ ಹೂವು, ಅಂಜೂರದ ಗಿಡದ ಹಾಲು, ಮತ್ತು ಕುಸುಬಿಯ ಬೀಜ! ವಿಜಯಪುರ ಜಿಲ್ಲೆಯ ಎರೆಭೂಮಿಗೆ ಕುಸುಬಿಯನ್ನು ಪರಿಚಯಿಸಬೇಕಾಗಿಲ್ಲ. ಹಿಂಗಾರಿ ಜೋಳದ ಜೊತೆ ಅಕ್ಕಡಿ ಸಾಲಿನಲ್ಲಿ ಅದನ್ನು ಬಿತ್ತುವುದು ಇಲ್ಲಿಯ ಹಳೆಯ ರೂಢಿ. ಬೀಜವನ್ನು ನೆನೆಸಿ ರುಬ್ಬಿ ಹಾಲು ತೆಗೆದು ಹುಗ್ಗಿ ಮಾಡುವುದೂ ಗೊತ್ತು. ಅದೇ ಬೀಜ ಹಾಲನ್ನೂ ಗಟ್ಟಿಯಾಗಿಸಬಲ್ಲದೆಂಬುದನ್ನು ರೋಮಿನವರು ಬರೆದುಕೊಂಡರು.

ಹಾಗೆಂದು ನಮ್ಮವರು ಬರೆಯಲಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ‘ಲೋಕೋಪಕಾರ’ವನ್ನು ಬರೆದ. (ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಬೇರೆ, ಅವನು ಹಿಂದಿನ ಶತಮಾನದವನು.) ಬಾವಿ ತೋಡುವುದರಿಂದ ಹಿಡಿದು ಅಡುಗೆಯವರೆಗೆ ಗೃಹಸ್ಥನಿಗೆ ಬೇಕಾದ ಜ್ಞಾನವನ್ನೆಲ್ಲ ಒಂದೆಡೆ ತಂದ ಕನ್ನಡ ಪುಸ್ತಕವಿದು. ಇದರಲ್ಲಿ ಎಮ್ಮೆಹಾಲನ್ನು ಹೆಪ್ಪುಗಟ್ಟಿಸುವ ಎರಡು ಕ್ರಮಗಳಿವೆ. ಒಂದರಲ್ಲಿ ಹರಿವೆ ಜಾತಿಯ ಗಿಡದ ಬೇರು, ಇಲ್ಲವೆ ಆಯುರ್ವೇದ ಕೋಕಿಲಾಕ್ಷವೆಂದು ಕರೆಯುವ, ಜೌಗು ನೆಲದ ಮುಳ್ಳುಗಿಡದ ಎಲೆ ಬಳಸಬೇಕು. ಬರುವುದು ಮೆತ್ತನೆಯ ಗಿಣ್ಣು. ಇನ್ನೊಂದು ಗಿಡದಿಂದ ಬರುವುದು ಉಂಡೆ ಕಟ್ಟಿ ಸಿಹಿತಿನಿಸು ಮಾಡಲು ಒದಗುವಂಥದು. ನೂರು ವರ್ಷಗಳ ತರುವಾಯ ಅದೇ ವಂಶದ ಮೂರನೆಯ ಸೋಮೇಶ್ವರ (ಆಳ್ವಿಕೆ 1127–1138) ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ, ಕಾಯ್ದ ಹಾಲನ್ನು ಹುಳಿಯಿಂದ ಒಡೆಸಿ ಮಾಡುವ ಕ್ಷೀರಪ್ರಕಾರವೆಂಬ ಸಿಹಿಯನ್ನು ವಿವರಿಸಿದ.

ಹಾಗಿದ್ದೂ ಈ ಭಾಗದ ಅಡುಗೆಮನೆಯಲ್ಲಿ ಒಡೆದ ಹಾಲಿಗೆ ಮಾನ ಉಳಿಯಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆಯಿದು. ಹಸಿ ಚೀಸು ಇಲ್ಲಿ ಒಂದು ದಿನಕ್ಕೆ ಕೆಡುತ್ತದೆ. ಹಾಲು ಮೊಸರಾದರೆ ಮಜ್ಜಿಗೆ ಸಿಗುತ್ತದೆ, ಬೆಣ್ಣೆ ಸಿಗುತ್ತದೆ. ಬೆಣ್ಣೆ ಕಾಸಿದರೆ ತಿಂಗಳುಗಟ್ಟಲೆ ಇಡಬಹುದಾದ ತುಪ್ಪ. ತಂಪಿಲ್ಲದ ಮನೆಯ ಹೆಣ್ಣುಮಕ್ಕಳ ಲೆಕ್ಕ ಸರಿಯಾಗಿಯೇ ಇತ್ತು. ಜೊತೆಗೆ ಹಾಲು ಒಡೆಯುವುದು ಅಪಶಕುನವೆಂಬ ನಂಬಿಕೆ ಬೇರೆ. ಎಮ್ಮೆ ಈದಾಗ ಮಾಡುವ ಗಿಣ್ಣವೊಂದೇ ಇದಕ್ಕೆ ಹೊರತು. ಅದೂ ಹುಳಿಯಿಂದಾದದ್ದಲ್ಲ, ಈದ ಹೊಸತರ ಹಾಲಿನ ಸತ್ವ ಬರೀ ಬಿಸಿಗೆ ಗಟ್ಟಿಯಾಗುತ್ತದೆ.

ದ್ರಾಕ್ಷಾರಸದ ಕಥೆ ಇನ್ನೂ ತೊಡಕಿನದು. ‘ಮಾನಸೋಲ್ಲಾಸ’ದಲ್ಲಿ ಮದಿರಾಪಾನ ಒಂದು ರಾಜಕ್ರೀಡೆ. ಆದಿಲಶಾಹಿಗಳ ಕಾಲದಲ್ಲಿ, 1604ರ ಸುಮಾರಿಗೆ, ಅಕ್ಬರನ ರಾಯಭಾರಿಯಾಗಿ ವಿಜಾಪುರಕ್ಕೆ ಬಂದ ಅಸದ್ ಬೇಗ್ ಇಲ್ಲಿಯ ಪೇಟೆಯ ವೈಭವಕ್ಕೆ ಬೆರಗಾಗಿದ್ದ. ಅವನು ಬಣ್ಣಿಸಿದ ಅಂಗಡಿಗಳಲ್ಲಿ ಮದ್ಯದವೂ ಇದ್ದವು. ಆದರೆ ಇವು ಅರಸರ, ರಾಜಧಾನಿಯ ಮಾತು. ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ಹೆಂಡ ಮಾರುವ ಕಾಯಕದಿಂದ ಬಂದ ಹೆಂಡದ ಮಾರಯ್ಯನನ್ನೂ ಶರಣರು ತಮ್ಮ ಸಾಲಿನಲ್ಲಿ ಕೂಡಿಸಿಕೊಂಡರು, ಕುಡಿತವನ್ನು ಮಾತ್ರ ಒಪ್ಪಲಿಲ್ಲ. ಆ ತೂಕ ಈ ನೆಲದಲ್ಲಿ ಈಗಲೂ ಇದೆ.

ಹೀಗಾಗಿ 2007ನೇ ಇಸವಿಯನ್ನು ನೆನೆಯಬೇಕು. ಆ ವರ್ಷದ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯನ್ನೂ ತಂದಿತು. ಒಂದು ಕೈ ಕೂಲಿಯವನ ಪ್ಯಾಕೆಟ್ಟನ್ನು ಕಸಿದುಕೊಂಡಿತು, ಇನ್ನೊಂದು ಕೈ ಉಳ್ಳವರ ಬಾಟಲಿಗೆ ಉತ್ತೇಜನ ಕೊಟ್ಟಿತು ಎಂದು ಟೀಕಿಸುವುದು ಸುಲಭ. ಆದರೆ ಸಾರಾಯಿಯಿಂದ ಮನೆ ಹಾಳಾದ ಹೆಣ್ಣುಮಕ್ಕಳ ಸಂಕಟ ಎಷ್ಟು ನಿಜವೋ, ದ್ರಾಕ್ಷಿ ಬೆಳೆಗಾರನ ಸಂಕಟವೂ ಅಷ್ಟೇ ನಿಜ.

ಇಲ್ಲಿ ಹೆಚ್ಚಾಗಿ ಬೆಳೆಯುವುದು ಥಾಮ್ಸನ್ ಎಂಬ ಬೀಜವಿಲ್ಲದ ತಳಿ. ವರ್ಷಕ್ಕೆರಡು ಚಾಟ್ನಿ, ಏಪ್ರಿಲಿನಲ್ಲೊಂದು, ಅಕ್ಟೋಬರಿನಲ್ಲೊಂದು. ಫಸಲು ಬರುವುದು ಬಿಸಿಲು ಏರುವ ಹೊತ್ತಿಗೆ. ಆ ಒಣಹವೆಯೇ ಈ ಸೀಮೆಯನ್ನು ಒಣದ್ರಾಕ್ಷಿಯ, ಇಲ್ಲಿಯವರ ಬಾಯಲ್ಲಿ ಮಣೂಕದ, ನಾಡಾಗಿಸಿದೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಶೆಡ್ಡಿನಲ್ಲಿ ಹಣ್ಣು ಹರವಿದಾಗ ಅಕಾಲ ಮಳೆ ಬಿದ್ದರೆ ವರ್ಷದ ದುಡಿಮೆ ಕಪ್ಪಿಡುತ್ತದೆ. ಪೇಟೆಯಲ್ಲಿ ದರ ಬಿದ್ದರೂ ಅದೇ ಗತಿ. ಹಾಗೆಂದು ‘ವೈನ್ ಮಾಡಿ’ ಎಂದುಬಿಟ್ಟರೆ ಆಗುವುದಿಲ್ಲ. ಒಳ್ಳೆಯ ದ್ರಾಕ್ಷಾರಸಕ್ಕೆ ಬೇಕಾದದ್ದು ಬೀಜವಿರುವ, ದಪ್ಪ ಸಿಪ್ಪೆಯ, ಸಣ್ಣ ಕಾಳಿನ ಬೇರೆ ತಳಿಗಳು. ಬಳ್ಳಿ ಕಿತ್ತು ಹೊಸದನ್ನು ನೆಟ್ಟರೆ ಫಲಕ್ಕೆ ವರ್ಷಗಳು ಕಾಯಬೇಕು, ಕೊಳ್ಳುವವನು ಇದ್ದಾನೆಂಬ ಭರವಸೆಯೂ ಬೇಕು.

ಕೊನೆಗೆ ತಟ್ಟೆಗೇ ಬರೋಣ. ಮೆತ್ತನೆಯ ಚೀಸಿನ ಜೊತೆ ಬಿಳಿ ದ್ರಾಕ್ಷಾರಸವನ್ನೇ ಕೊಡುವುದಕ್ಕೆ ಕಾರಣವಿದೆ. ಚೀಸಿನ ಜಿಡ್ಡನ್ನು ಅದರ ಹುಳಿ ನಾಲಿಗೆಯಿಂದ ತೊಳೆಯುತ್ತದೆ; ಕೆಂಪಿನ ಒಗರು ಈ ಸೌಮ್ಯ ರುಚಿಯನ್ನು ನುಂಗಿಬಿಡುತ್ತದೆ. ರೊಟ್ಟಿ–ಬೆಣ್ಣೆಯ ಜೊತೆ ನಾವು ಹುಳಿಮಜ್ಜಿಗೆ ಕುಡಿಯುವುದರ ಹಿಂದಿರುವ ತತ್ತ್ವವೂ ಇದೇ. ಆದ್ದರಿಂದ ಕುಡಿಯದವರು ಕಳೆದುಕೊಳ್ಳುವುದೇನೂ ಇಲ್ಲ. ಇಂಡಿಯ ನಿಂಬೆ ಹಿಂಡಿ ಒಡೆಸಿದ ಎಮ್ಮೆಹಾಲನ್ನು ಸೋಸಿ, ಉಪ್ಪು ಬೆರೆಸಿ, ಖಡಕ್ ರೊಟ್ಟಿಯ ಚೂರಿನ ಮೇಲೆ ಹಚ್ಚಿ, ಕುಸುಬಿ ಎಣ್ಣೆ ನಾಲ್ಕು ಹನಿ ಬಿಟ್ಟು, ಎರಡು ಮಣೂಕ ಇಟ್ಟರೆ ತಟ್ಟೆ ಸಿದ್ಧ. ಜೊತೆಗೆ ಹುದುಗದ ದ್ರಾಕ್ಷಿಯ ರಸಕ್ಕೇ ಒಂದಿಷ್ಟು ನಿಂಬೆ ಹಿಂಡಿ ಕೊಡಬಹುದು. ಹಲವು ಮನೆಗಳಿಗೆ ಫ್ರಿಜ್ಜು, ಹಲವು ಊರುಗಳಿಗೆ ಹಾಲಿನ ಡೇರಿ ಬಂದಿರುವ ಈ ಕಾಲದಲ್ಲಿ ಹಳೆಯ ಅಡ್ಡಿಯೂ ಮೊದಲಿನಷ್ಟು ಉಳಿದಿಲ್ಲ. ಹಾಲು, ನಿಂಬೆ, ಕುಸುಬಿ, ದ್ರಾಕ್ಷಿ ನಾಲ್ಕನ್ನೂ ಕಚ್ಚಾಮಾಲಾಗಿಯೇ ಹೊರಗೆ ಕಳಿಸಿ ಪೇಟೆಯ ದರಕ್ಕೆ ತಲೆಬಾಗುವ ರೈತನಿಗೆ, ಚಾವುಂಡರಾಯನ ಆ ಎರಡು ಕ್ರಮಗಳು ಬರೀ ಹಳೆಯ ಕಾಲದ ಸೋಜಿಗವಾಗಿ ಉಳಿಯಬೇಕಾಗಿಲ್ಲ.