ಕೀಲಿಕೈ ಹುಡುಕೋ ಆಟ, ಕೀಲಿಕೈ ಕೊಳ್ಳೋ ಆಟ

ದೋಸ್ತರೇ, ಒಂದು ಆಟ ಹೇಳ್ತೀನಿ ನೋಡ್ರಿ. ಮುಚ್ಚಿದ ಬಾಗಿಲು ಮೂಡಲಗಿಯೊಳಗ ಐತಿ. ಅದರ ಕೀಲಿಕೈ ಹುಕ್ಕೇರಿಯೊಳಗ ಬಿದ್ದೈತಿ. ನಡುವ ಗೋಕಾಕದಾಗ ಒಂದು ಡ್ರ್ಯಾಗನ್ ಕುಂತೈತಿ. ನಿಮ್ಮ ಕೈಯಲ್ಲಿ ಒಂದು ಸಲಕ್ಕೆ ಒಂದೇ ವಸ್ತು. ಕೀಲಿಕೈ ಹಿಡಿದ್ರೆ ಕತ್ತಿ ಬಿಡಬೇಕು. ಏನ್ ಮಾಡ್ತೀರಿ?

(ನಮ್ಮ ಕಡೆ ಕೀಲಿ ಅಂದ್ರ ಬೀಗ, ಕೀಲಿಕೈ ಅಂದ್ರ ಚಾವಿ. ಮೈಸೂರು ಕಡೆಯವರು ಗಲಿಬಿಲಿ ಆಗಬ್ಯಾಡ್ರಿ.)

ಊರಿನ ಹೆಸರು ತೆಗೆದರೆ ಇದು ಅಟಾರಿ 2600 ಯಂತ್ರಕ್ಕೆ 1980ರ ಹೊತ್ತಿಗೆ ಬಂದ ‘ಅಡ್ವೆಂಚರ್’. ವಾರೆನ್ ರಾಬಿನೆಟ್ ಒಬ್ಬರೇ ಬರೆದದ್ದು. ಇಡೀ ಆಟ 4 ಕಿಲೋಬೈಟ್! ನೀವು ಸ್ಟೇಟಸ್‌ಗೆ ಹಾಕೋ ಒಂದು ಫೋಟೋದ ಜಾಗದಲ್ಲಿ ಇಂಥವು ಹತ್ತಾರು ಕೂರ್ತಾವೆ. ಆಟಗಾರ ಅಂದ್ರೆ ಬರೀ ಒಂದು ಚೌಕ. ಹಳದಿ, ಕಪ್ಪು, ಬಿಳಿ ಬಣ್ಣದ ಮೂರು ಕೋಟೆ, ಆಯಾ ಬಣ್ಣದ ಮೂರು ಕೀಲಿಕೈ. ಜೊತೆಗೆ ಒಂದು ಬಾವಲಿ, ಹಾರಿ ಬಂದು ಕೈಯಲ್ಲಿದ್ದದ್ದನ್ನೇ ಕಿತ್ತುಕೊಂಡು ಹೋಗುತ್ತೆ.

ಅಷ್ಟು ಸಣ್ಣ ಆಟ ದೊಡ್ಡ ಲೋಕ ಅನ್ನಿಸಿದ್ದು ಕೀಲಿಕೈಯಿಂದಲೇ ಅಂತೀನಿ ನಾನು. ಮುಚ್ಚಿದ ಬಾಗಿಲು ಒಮ್ಮೆ ಕಂಡರೆ ಅದು ತಲೆಯಲ್ಲೇ ಕೂರುತ್ತೆ. ಕೀಲಿಕೈ ಸಿಕ್ಕ ಕೂಡಲೇ ‘ಅರೇ, ಆ ಬಾಗಿಲು!’ ಅಂತ ಹಿಂದಕ್ಕೆ ಓಡ್ತೀರಿ. ದಾರಿ ನೆನಪಿಡೋದೇ ಆಟ.

ಅದರೊಳಗೆ ಯಾರಿಗೂ ಹೇಳದ ಇನ್ನೊಂದು ಕೀಲಿಕೈ ಇತ್ತು. ಆಗ ಅಟಾರಿ ಕಂಪನಿ ಆಟ ಬರೆದವರ ಹೆಸರು ಹಾಕ್ತಿರಲಿಲ್ಲ. ರಾಬಿನೆಟ್ ಸುಮ್ಮನೆ ಕೂರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಬೂದು ಚುಕ್ಕಿಯೊಂದನ್ನು ಕಪ್ಪು ಕೋಟೆಯಲ್ಲಿ ಬಚ್ಚಿಟ್ಟರು. ಅದನ್ನು ಸರಿಯಾದ ಕೋಣೆಗೆ ಒಯ್ದರೆ ಗೋಡೆ ದಾಟಬಹುದು. ಆಚೆ ಅವರ ಹೆಸರು! ಅದನ್ನು ಕಂಡುಹಿಡಿದು ಕಂಪನಿಗೆ ಪತ್ರ ಬರೆದವನು ಅಮೆರಿಕದ ಸಾಲ್ಟ್ ಲೇಕ್ ಸಿಟಿಯ 15 ವರ್ಷದ ಹುಡುಗ. ಅಷ್ಟರಲ್ಲಿ ರಾಬಿನೆಟ್ ಕೆಲಸ ಬಿಟ್ಟು ಹೋಗಿ ಆಗಿತ್ತು.

1986ರ ‘ಜೆಲ್ಡಾ’ದಲ್ಲಿ ಸಣ್ಣ ಕೀಲಿಕೈ ಒಂದು ಬಾಗಿಲು ತೆರೆದ ಮೇಲೆ ಖಾಲಿ. ಯಾವ ಬಾಗಿಲಿಗೆ ಖರ್ಚು ಮಾಡಬೇಕು ಅನ್ನೋ ಲೆಕ್ಕ ಶುರುವಾಯ್ತು. 1993ರ ‘ಡೂಮ್’ನಲ್ಲಿ ಕೆಂಪು, ನೀಲಿ, ಹಳದಿ ಕಾರ್ಡ್. ಇವೆಲ್ಲ ಆಟದೊಳಗೇ ಗಳಿಸೋ ಕೀಲಿಕೈಗಳು.

2010ರಲ್ಲಿ ಮಾತು ತಿರುಗಿತು. ವಾಲ್ವ್ ಕಂಪನಿಯ ‘ಟೀಮ್ ಫೋರ್ಟ್ರೆಸ್ 2’ರಲ್ಲಿ ಬೀಗ ಹಾಕಿದ ಪೆಟ್ಟಿಗೆ ಆಡ್ತಾ ಆಡ್ತಾ ಪುಕ್ಕಟೆ ಸಿಗುತ್ತೆ. ಕೀಲಿಕೈ ಮಾತ್ರ 2.49 ಡಾಲರ್. ಒಳಗೇನಿದೆ ಅನ್ನೋದು ದುಡ್ಡು ಕೊಟ್ಟ ಮೇಲೇ ಗೊತ್ತಾಗೋದು. 2013ರಲ್ಲಿ ‘ಕೌಂಟರ್ ಸ್ಟ್ರೈಕ್’ಗೂ ಇದೇ ಬಂತು. ಅದನ್ನು ತೆರೆದರೆ ಹೊಸ ಹಂತ ಇಲ್ಲ, ಹೊಸ ಊರಿಲ್ಲ. ಬಂದೂಕಿಗೆ ಬಣ್ಣ, ಅಷ್ಟೇ.

ಕೀಲಿಕೈಗೆ ಬೆಲೆ ಖಾಯಂ ಇದ್ದದ್ದಕ್ಕೆ ಆಟಗಾರರು ಅದನ್ನು ನೋಟಿನಂತೆ ಕೈ ಬದಲಿಸತೊಡಗಿದರು. ಮೋಸಗಾರರೂ ಒಳಗೆ ನುಗ್ಗಿದರು. 2018ರಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ ಇಂಥ ಪೆಟ್ಟಿಗೆ ಜೂಜೇ ಅಂತ ಹೇಳಿತು. 2019ರ ಅಕ್ಟೋಬರ್‌ನಲ್ಲಿ ಖುದ್ದು ವಾಲ್ವ್ ಕಂಪನಿಯೇ, ಮಾರಾಟಕ್ಕೆ ಬರೋ ಕೀಲಿಕೈಗಳು ಹೆಚ್ಚೂಕಡಿಮೆ ಎಲ್ಲಾ ವಂಚನೆಯ ದುಡ್ಡಿನವು ಅಂತ ಹೇಳಿ, ಹೊಸದಾಗಿ ಕೊಂಡ ‘ಕೌಂಟರ್ ಸ್ಟ್ರೈಕ್’ ಕೀಲಿಕೈಗಳ ಕೈಬದಲು ನಿಲ್ಲಿಸಿತು.

ಫೋನ್‌ನೊಳಗ ಪೆಟ್ಟಿಗಿ ಫಳಫಳ ಹೊಳದು, ಅಪ್ಪನ ಯುಪಿಐ ಪಿನ್ ನೆನಪಾದ್ರ ಒಂದು ಕ್ಷಣ ನಿಲ್ರಿ. ಆ ಬಾಗಿಲು ನೀವು ಮೊದಲು ಎಲ್ಲಿ ಕಂಡಿದ್ರಿ? ಕಾಮೆಂಟ್‌ನಾಗ ಹೇಳ್ರಿ.